ನಿಯಮ ಮುರಿಯದ ಅವಮಾನ: ಕ್ಯಾಂಪಸ್ಸಿನಲ್ಲಿ ಅದನ್ನು ನಿಭಾಯಿಸುವ ಸೂತ್ರಗಳು

ಕಾಲೇಜಿನ ಶಿಸ್ತು ಸಮಿತಿಯ ಮುಂದೆ ಹೊಡೆದಾಟ ಬರುತ್ತದೆ, ಪರೀಕ್ಷೆಯ ಕಾಪಿ ಬರುತ್ತದೆ, ಹಾಜರಾತಿಯ ತಕರಾರು ಬರುತ್ತದೆ. ಸೆಮಿನಾರ್ ಕೊಡುತ್ತಿದ್ದವಳ ಇಂಗ್ಲಿಷ್ ಉಚ್ಚಾರವನ್ನು ಹಿಂದಿನ ಬೆಂಚಿನಿಂದ ಅಣಕಿಸಿದ್ದು ಬರುವುದಿಲ್ಲ. ಅತಿಥಿ ಉಪನ್ಯಾಸಕರು ಎದುರು ಬಂದಾಗ ಬೇಕೆಂದೇ ಬೆನ್ನು ತಿರುಗಿಸಿದ್ದು, ಪ್ರಾಜೆಕ್ಟ್ ಗುಂಪಿನಲ್ಲಿ ಒಬ್ಬನನ್ನು ಲೆಕ್ಕಕ್ಕೇ ಹಿಡಿಯದ್ದು, ಅಟೆಂಡರ್ ಅಣ್ಣನನ್ನು ಚಿಟಿಕೆ ಹೊಡೆದು ಕರೆದದ್ದು, ಇವೂ ಬರುವುದಿಲ್ಲ. ಇವುಗಳಲ್ಲಿ ಯಾವುದೂ ನಿಯಮ ಪುಸ್ತಕದ ಪ್ರಕಾರ ಅಪರಾಧವಲ್ಲ. ಆದರೆ ಇವನ್ನು ಅನುಭವಿಸಿದವರು ನಿಧಾನವಾಗಿ ತರಗತಿಯಿಂದ ಹಿಂದೆ ಸರಿಯುತ್ತಾರೆ, ಮತ್ತೆ ಬಾಯಿ ತೆರೆಯುವುದಿಲ್ಲ.

ಪುತ್ತೂರು, ಸುಳ್ಯ, ಕಡಬದ ಮಟ್ಟಿಗೆ ಈ ವಿಷಯಕ್ಕೆ ಇನ್ನೂ ಹೆಚ್ಚಿನ ಭಾರ ಇದೆ. ಪುತ್ತೂರಿನಲ್ಲಿ 1958ರಲ್ಲಿ ಸಂತ ಫಿಲೋಮಿನಾ, 1965ರಲ್ಲಿ ವಿವೇಕಾನಂದ ಕಾಲೇಜು ಬಂತು. ಸುಳ್ಯದಲ್ಲಿ ಕುರುಂಜಿ ವೆಂಕಟ್ರಮಣ ಗೌಡರು 1976ರಲ್ಲಿ ನೆಹರೂ ಮೆಮೋರಿಯಲ್ ಕಾಲೇಜು ಆರಂಭಿಸಿದರು. ಆಮೇಲೆ ಎಂಜಿನಿಯರಿಂಗ್, ದಂತ, ಆಯುರ್ವೇದ, ವೈದ್ಯಕೀಯ ಕಾಲೇಜುಗಳೂ ಆದವು. ಕಡಬ ತಾಲೂಕಿನ ಸುಬ್ರಹ್ಮಣ್ಯ, ರಾಮಕುಂಜದಲ್ಲೂ ಕಾಲೇಜುಗಳಿವೆ. ಹೀಗಾಗಿ ತುಳು, ಅರೆಭಾಷೆ, ಹವ್ಯಕ ಕನ್ನಡ, ಬ್ಯಾರಿ, ಕೊಂಕಣಿ, ಮಲಯಾಳ ಮಾತಾಡುವ ಮನೆಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಕಾಸರಗೋಡಿನ ಗಡಿ ದಾಟಿ ದಿನಾ ಬರುವವರಿದ್ದಾರೆ, ಬಯಲುಸೀಮೆಯಿಂದ ಬಂದು ಹಾಸ್ಟೆಲಿನಲ್ಲಿ ಉಳಿದವರಿದ್ದಾರೆ. ಇಷ್ಟು ಬಗೆಯ ಜನ ಸೇರಿದಲ್ಲಿ ಒಂದು ಅಡ್ಡಮಾತು ಒಬ್ಬರಿಗೆ ಮಾತ್ರ ತಾಗಿ ನಿಲ್ಲುವುದಿಲ್ಲ. ಉಪನ್ಯಾಸಕರು, ಹಾಸ್ಟೆಲ್ ವಾರ್ಡನ್‌ಗಳು, ತರಗತಿ ಪ್ರತಿನಿಧಿಗಳು ನಾಳೆಯಿಂದಲೇ ಮಾಡಬಹುದಾದ ಕೆಲವು ಕೆಲಸಗಳು ಇಲ್ಲಿವೆ.

1. ಮೊದಲು ಗೆರೆ ಎಲ್ಲಿದೆ ನೋಡಿ

ಕಾನೂನು ಮುಟ್ಟುವ ಸಂಗತಿಯನ್ನು ‘ಮಕ್ಕಳ ತಮಾಷೆ’ ಎಂದು ತಳ್ಳಿಹಾಕುವುದೂ ತಪ್ಪು, ಬರೀ ಒರಟು ಮಾತನ್ನು ಅಪರಾಧ ಮಾಡುವುದೂ ತಪ್ಪು. ರ‍್ಯಾಗಿಂಗ್ ತಡೆಗೆ ಯುಜಿಸಿ 2009ರಲ್ಲಿ ನಿಯಮ ತಂದಿತು. 2016ರ ತಿದ್ದುಪಡಿಯಲ್ಲಿ ಅದರ ವ್ಯಾಪ್ತಿ ಹಿಗ್ಗಿತು. ಜಾತಿ, ಧರ್ಮ, ಮೈಬಣ್ಣ, ಲಿಂಗ, ರೂಪ, ಊರು, ಭಾಷೆ, ಆರ್ಥಿಕ ಸ್ಥಿತಿ ಇವುಗಳಲ್ಲಿ ಯಾವುದನ್ನಾದರೂ ಹಿಡಿದು ಒಬ್ಬ ವಿದ್ಯಾರ್ಥಿಯನ್ನು ದೈಹಿಕವಾಗಿ ಇಲ್ಲವೇ ಮಾನಸಿಕವಾಗಿ ಹಿಂಸಿಸಿದರೆ, ಪೀಡಿಸಿದರೆ, ಹೊರಗಿಟ್ಟರೆ ಅದೂ ರ‍್ಯಾಗಿಂಗ್. ಹಿರಿಯರು ಕಿರಿಯರಿಗೆ ಮಾಡಿದ್ದು ಮಾತ್ರವಲ್ಲ, ಯಾರು ಯಾರಿಗೆ ಮಾಡಿದರೂ. ಕರ್ನಾಟಕ ಶಿಕ್ಷಣ ಕಾಯ್ದೆ 1983 ಕೂಡ ತಮಾಷೆಯ ಹೆಸರಿನಲ್ಲಿ ಒಬ್ಬನನ್ನು ನಗೆಪಾಟಲು ಮಾಡುವ ಕೆಲಸಕ್ಕೆ ಬಲವಂತವಾಗಿ ಇಳಿಸುವುದನ್ನು ರ‍್ಯಾಗಿಂಗ್ ಎಂದೇ ಕಾಣುತ್ತದೆ.

ಆದ್ದರಿಂದ ಮೂರು ಪ್ರಶ್ನೆ ಕೇಳಿಕೊಳ್ಳಿ. ಬಲವಂತ ಇತ್ತೇ? ಒಬ್ಬರನ್ನೇ ಗುರಿ ಮಾಡಿ ಮತ್ತೆ ಮತ್ತೆ ಆಗುತ್ತಿದೆಯೇ? ಜಾತಿ, ಧರ್ಮ, ಹೆಣ್ಣುತನದ ಮೇಲೆ ಮಾತು ಹೋಯಿತೇ? ಒಂದಕ್ಕೆ ಹೌದು ಎಂಬ ಉತ್ತರ ಬಂದರೂ ಈ ಬರಹದ ಉಳಿದ ಸೂತ್ರ ಸಾಲದು. ಅದು ರ‍್ಯಾಗಿಂಗ್ ವಿರೋಧಿ ಸಮಿತಿಗೆ, ಆಂತರಿಕ ದೂರು ಸಮಿತಿಗೆ, ಜಾತಿ ನಿಂದನೆಯಾದರೆ ಪೊಲೀಸರಿಗೆ ಹೋಗಬೇಕು. ಸಹಾಯವಾಣಿ 1800-180-5522 ನಿಮ್ಮ ನೋಟಿಸ್ ಬೋರ್ಡಿನಲ್ಲಿ ಇರಲಿ. ಮೂರಕ್ಕೂ ಇಲ್ಲ ಎಂದಾದರೆ ಮುಂದೆ ಓದಿ.

2. ಮುಯ್ಯಿಗೆ ಮುಯ್ಯಿ ಆಗುವ ಮೊದಲು ಎದ್ದೇಳಿ

1999ರಲ್ಲಿ ಅಮೆರಿಕದ ಸಂಶೋಧಕಿಯರಾದ ಲಿನ್ ಆಂಡರ್ಸನ್, ಕ್ರಿಸ್ಟೀನ್ ಪಿಯರ್ಸನ್ ಉದ್ಯೋಗದ ಜಾಗದಲ್ಲಿನ ಅಸಭ್ಯತೆಯ ಬಗ್ಗೆ ಬರೆದರು. ಅದರ ಲಕ್ಷಣ ಎರಡು ಎಂದರು: ತೀವ್ರತೆ ಕಡಿಮೆ, ನೋಯಿಸುವ ಉದ್ದೇಶ ಇತ್ತೋ ಇಲ್ಲವೋ ಸ್ಪಷ್ಟವಿಲ್ಲ. ಅಪಾಯ ಇರುವುದೂ ಅಲ್ಲೇ. ಸ್ಪಷ್ಟವಿಲ್ಲ ಎಂದು ಎಲ್ಲರೂ ಬಿಡುತ್ತಾರೆ, ನೊಂದವರು ಅದೇ ಅಳತೆಯಲ್ಲಿ ತಿರುಗಿ ಕೊಡುತ್ತಾರೆ, ಸುರುಳಿ ಮೇಲೇರುತ್ತಾ ಹೋಗಿ ನಿಜವಾದ ಜಗಳಕ್ಕೆ ಮುಟ್ಟುತ್ತದೆ.

ನಮ್ಮ ಕಡೆ ಸುರುಳಿ ಬೇಗ ಏರುತ್ತದೆ. ಬೆಳಗ್ಗೆ ಇಬ್ಬರು ಹುಡುಗರ ನಡುವೆ ಆದ ಕೊಂಕುಮಾತು ಮಧ್ಯಾಹ್ನ ಮೊಬೈಲಿನ ತುಣುಕಾಗಿ ಊರಿಗೆ ಮುಟ್ಟುತ್ತದೆ. ಸಂಜೆಗೆ ಅವರಿಬ್ಬರೂ ಹೆಸರು ಕಳೆದುಕೊಂಡು ಎರಡು ಸಮುದಾಯಗಳಾಗಿರುತ್ತಾರೆ. ಕಾಲೇಜಿಗೆ ಸಂಬಂಧವೇ ಇಲ್ಲದವರು ಗೇಟಿನ ಹೊರಗೆ ನಿಂತ ಮೇಲೆ ಯಾವ ಪ್ರಾಂಶುಪಾಲರಿಗೂ ಅದು ಎರಡು ಮಕ್ಕಳ ವಿಷಯವಾಗಿ ಉಳಿಯುವುದಿಲ್ಲ. ಅದಕ್ಕೇ ಹೇಳುವುದು: ಅದೇ ದಿನ, ಕ್ಯಾಂಪಸ್ಸಿನ ಒಳಗೆ, ಅವರವರ ಹೆಸರಿನಲ್ಲೇ ಮಾತು ಮುಗಿಯಲಿ.

3. ಬೇರೆ ಕರೆದು ಮಾತಾಡಿ, ಬಸ್ಸಿನ ಹೊತ್ತು ನೋಡಿಕೊಂಡು

ತರಗತಿಯಲ್ಲೇ ಎಬ್ಬಿಸಿ ನಿಲ್ಲಿಸಿ ಜೋರು ಮಾಡಿದರೆ ಹುಡುಗ ಕಲಿಯುವುದು ಒಂದೇ, ನಾಲ್ಕು ಜನರ ಮುಂದೆ ಮಾನ ಕಳೆಯಬಹುದು ಎಂಬುದು. ಅವನು ಮಾಡಿದ್ದೂ ಅದನ್ನೇ ತಾನೆ? ತರಗತಿಯಲ್ಲಿ ಒಂದೇ ಮಾತು ಸಾಕು: ‘ಸಾಕು, ಅವಳು ಮುಗಿಸಲಿ.’ ಉಳಿದದ್ದು ಆಮೇಲೆ.

ಆಮೇಲೆ ಅಂದರೆ ಸಂಜೆ ನಾಲ್ಕೂವರೆಗಲ್ಲ. ಪುತ್ತೂರಿನ ಬಸ್ ನಿಲ್ದಾಣದಲ್ಲಿ ಸುಳ್ಯ, ಕಡಬ, ಸುಬ್ರಹ್ಮಣ್ಯದ ಬಸ್ಸು ತಪ್ಪಿದರೆ ಒಳ ಹಳ್ಳಿಯ ಮಗುವಿಗೆ ಮನೆ ಮುಟ್ಟುವಾಗ ಕತ್ತಲೆ. ಬಸ್ಸಿನ ಚಿಂತೆಯಲ್ಲಿ ನಿಂತವನು ಏನು ಹೇಳಿದರೂ ‘ಆಯ್ತು ಸರ್’ ಅನ್ನುತ್ತಾನೆ. ಮಧ್ಯಾಹ್ನದ ಊಟದ ನಂತರದ ಹದಿನೈದು ನಿಮಿಷ ಒಳ್ಳೆಯದು. ಸ್ಟಾಫ್ ರೂಮು ಬೇಡ, ಅಲ್ಲಿ ಕೇಳುವ ಕಿವಿ ಹೆಚ್ಚು. ಖಾಲಿ ತರಗತಿ, ಬಾಗಿಲು ತೆರೆದು, ಇಬ್ಬರೂ ಕೂತು.

ಮಾತು ಹೀಗೆ ನಡೆಯಬಹುದು:

‘ಇವತ್ತು ಎರಡನೇ ಪೀರಿಯಡ್‌ನಲ್ಲಿ ಅವಳು ಸೆಮಿನಾರ್ ಕೊಡುವಾಗ ಒಂದು ಶಬ್ದವನ್ನು ನೀನು ಅವಳ ಹಾಗೆಯೇ ಮಾಡಿ ಹೇಳಿದಿ. ನಿನ್ನ ಬೆಂಚಿನವರು ನಕ್ಕರು. ಅವಳು ಉಳಿದ ಎರಡು ಸ್ಲೈಡ್ ಓದದೆ ಹೋಗಿ ಕೂತಳು.’

‘ಸರ್, ಅದು ಸುಮ್ಮನೆ ತಮಾಷೆಗೆ.’

‘ತಮಾಷೆಗೇ ಇರಬಹುದು, ನಾನು ಅಲ್ಲ ಎನ್ನುವುದಿಲ್ಲ. ಅವಳು ಅರ್ಧದಲ್ಲಿ ಕೂತದ್ದು ನೀನು ನೋಡಿದಿಯಲ್ಲ?’

‘ನೋಡಿದೆ ಸರ್.’

‘ಈಗ ಎಂತ ಮಾಡುವುದು? ನೀನೇ ಹೇಳು.’

ಇಲ್ಲಿ ಸುಮ್ಮನಿರಬೇಕು. ಅಧ್ಯಾಪಕರಿಗೆ ಅದು ತುಂಬ ಕಷ್ಟ, ನಮಗೆ ಮಾತಾಡಿ ಅಭ್ಯಾಸ. ಆದರೂ ಅವನೇ ಬಾಯಿ ತೆರೆಯುವವರೆಗೆ ಕಾಯಿರಿ. ಗಮನಿಸಿ, ಈ ಮಾತಿನಲ್ಲಿ ‘ನೀನು ಒರಟ’, ‘ನಿನಗೆ ಸಂಸ್ಕಾರವಿಲ್ಲ’, ‘ನಿಮ್ಮವರೆಲ್ಲ ಹೀಗೆಯೇ’ ಎಂಬುದು ಇಲ್ಲ. ಕಂಡದ್ದು, ಕೇಳಿದ್ದು, ಅದರಿಂದ ಆದದ್ದು ಮಾತ್ರ ಇದೆ. ಉದ್ದೇಶದ ಮೇಲೆ ವಾದಕ್ಕೆ ಇಳಿದರೆ ಸಂಜೆಯವರೆಗೂ ಮುಗಿಯುವುದಿಲ್ಲ. ಆದದ್ದರ ಮೇಲೆ ನಿಂತರೆ ಐದು ನಿಮಿಷ ಸಾಕು.

4. ನೊಂದವರನ್ನು ಮೊದಲು ಕೇಳಿ

ಏನು ಮಾಡಬೇಕು ಎಂದು ತೀರ್ಮಾನಿಸುವ ಮೊದಲು ಅವಳಿಗೆ ಏನು ಬೇಕು ಎಂದು ಕೇಳಿ. ‘ಏನೂ ಬೇಡ ಮೇಡಂ, ಇನ್ನೊಮ್ಮೆ ಆಗದಿದ್ದರೆ ಸಾಕು’ ಎಂದರೆ ಅಷ್ಟೇ ಮಾಡಿ. ನಮ್ಮ ಉತ್ಸಾಹಕ್ಕೆ ಅವಳನ್ನು ಇನ್ನೊಮ್ಮೆ ಎಲ್ಲರ ಕಣ್ಣಿಗೆ ಬೀಳಿಸುವುದು ಬೇಡ.

5. ಬಲವಂತದ ‘ಸಾರಿ’ ಬೇಡ, ಅಪ್ಪನನ್ನು ಕರೆಸುವ ಆತುರವೂ ಬೇಡ

ತರಗತಿಯ ಮುಂದೆ ನಿಲ್ಲಿಸಿ ಹೇಳಿಸಿದ ಕ್ಷಮೆಯಿಂದ ಇಬ್ಬರಿಗೂ ಮುಜುಗರ. ಹೇಳಿದವನಿಗೆ ಸೇಡು, ಕೇಳಿದವಳಿಗೆ ಭಯ. ಅವನಿಗೆ ತಾನಾಗಿ ಅನ್ನಿಸಿದರೆ, ಅವಳು ಒಪ್ಪಿದರೆ, ಇಬ್ಬರೇ ಇರುವಾಗ ಎರಡು ವಾಕ್ಯ ಹೇಳಲಿ. ಇಲ್ಲವಾದರೆ ಕೆಲಸದಲ್ಲಿ ತೋರಿಸಲಿ.

‘ನಾಳೆ ಅಪ್ಪನನ್ನು ಕರ್ಕೊಂಡು ಬಾ’ ಎಂಬುದು ನಮ್ಮ ಕಾಲೇಜುಗಳಲ್ಲಿ ಬಾಯಿಗೆ ಸುಲಭವಾಗಿ ಬರುವ ಮಾತು. ಕಡಬ, ನೆಲ್ಯಾಡಿ ಕಡೆಯ ರಬ್ಬರ್ ಟ್ಯಾಪಿಂಗ್ ಮಾಡುವ ತಂದೆ ಬೆಳಗ್ಗಿನ ಕೆಲಸ ಬಿಟ್ಟು ಬರಬೇಕು, ಒಂದು ದಿನದ ಸಂಬಳ ಹೋಗುತ್ತದೆ. ಅಡಿಕೆ ಕೊಯ್ಲಿನ ಸಮಯದಲ್ಲಂತೂ ಹೇಳುವುದೇ ಬೇಡ. ಮಗ ಒಂದು ಕೊಂಕು ಮಾತಾಡಿದ್ದಕ್ಕೆ ಮನೆಯವರಿಗೆಲ್ಲ ದಂಡ ಹಾಕಿದಂತೆ ಆಗುತ್ತದೆ. ಮೊದಲ ಸಲಕ್ಕೆ ಖಂಡಿತ ಬೇಡ. ಎರಡನೇ ಸಲಕ್ಕೆ ಫೋನು ಸಾಕು, ಆ ಫೋನಿನಲ್ಲಿಯೂ ಮಗನ ಒಂದು ಒಳ್ಳೆಯ ಗುಣ ಹೇಳಿಯೇ ವಿಷಯಕ್ಕೆ ಬನ್ನಿ.

6. ಮೇಜಿನ ಈಚೆಯಿಂದ ಶುರು ಮಾಡಿ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ ಸೂತ್ರ ಇದು. ಮಕ್ಕಳು ಅಗೌರವವನ್ನು ಹೆಚ್ಚಾಗಿ ಕಲಿಯುವುದು ನಮ್ಮಿಂದಲೇ.

ವಿದ್ಯಾರ್ಥಿವೇತನದ ಅರ್ಜಿಯ ದಿನ ನೆನಪಿಸಿಕೊಳ್ಳಿ. ‘ಎಸ್‌ಸಿ, ಎಸ್‌ಟಿಯವರು ಎದ್ದು ನಿಲ್ಲಿ, ಲೆಕ್ಕ ತೆಗೆಯುವ’ ಎಂದು ತುಂಬಿದ ತರಗತಿಯಲ್ಲಿ ಹೇಳುವುದರಲ್ಲಿ ಕೆಟ್ಟ ಉದ್ದೇಶ ಇರಲಿಕ್ಕಿಲ್ಲ, ಕೆಲಸ ಬೇಗ ಮುಗಿಯಲಿ ಎಂದಷ್ಟೇ. ಎದ್ದು ನಿಂತ ಮಗು ಮಾತ್ರ ಆ ನಿಮಿಷವನ್ನು ಮೂರು ವರ್ಷ ಹೊತ್ತು ತಿರುಗುತ್ತದೆ. ಅರ್ಜಿ ಹೇಗೂ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲೇ ಆಗಬೇಕು. ಕಚೇರಿಯಲ್ಲಿ ಪಟ್ಟಿ ಇದೆ. ನೋಂದಣಿ ಸಂಖ್ಯೆ ಬರೆದು ಹಾಕಿದರೆ, ಇಲ್ಲವೇ ಒಬ್ಬೊಬ್ಬರಿಗೆ ಸಂದೇಶ ಕಳಿಸಿದರೆ ಆಗಿಹೋಗುವ ಕೆಲಸ. ಇಂಟರ್ನಲ್ ಅಂಕ ಗಟ್ಟಿಯಾಗಿ ಓದುವುದು, ‘ಕನ್ನಡ ಮೀಡಿಯಮ್ಮಿನವರಿಗೆ ಇದು ಅರ್ಥವಾಗಲಿಕ್ಕಿಲ್ಲ’ ಅನ್ನುವುದು, ಉದ್ದ ಹೆಸರನ್ನು ನಮಗೆ ಬೇಕಾದ ಹಾಗೆ ತುಂಡರಿಸುವುದು, ಇವನ್ನೂ ಇದೇ ವಾರ ನಿಲ್ಲಿಸಬಹುದು.

ಸಹೋದ್ಯೋಗಿಗಳ ವಿಷಯ ಬಂದರೆ, ರಾಜ್ಯದ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳ ಪಾಠದ ದೊಡ್ಡ ಹೊರೆ ಅತಿಥಿ ಉಪನ್ಯಾಸಕರ ಮೇಲಿದೆ. ಸೇವಾ ಭದ್ರತೆಗಾಗಿ 2023ರ ಕೊನೆಯಲ್ಲಿ ಅವರು ರಾಜ್ಯದಾದ್ಯಂತ ಪಾಠ ಬಿಟ್ಟು ಧರಣಿ ಕೂತದ್ದು ಎಲ್ಲರಿಗೂ ಗೊತ್ತು. ಸರಕಾರ ಕೊಡಬೇಕಾದದ್ದು ಕೊಡುವುದು ನಮ್ಮ ಕೈಯಲ್ಲಿಲ್ಲ. ಸ್ಟಾಫ್ ರೂಮಿನಲ್ಲಿ ಒಂದು ಸ್ವಂತ ಕುರ್ಚಿ, ವೇಳಾಪಟ್ಟಿಯಲ್ಲಿ ಪೂರ್ತಿ ಹೆಸರು, ವಾರ್ಷಿಕೋತ್ಸವದ ವೇದಿಕೆಯಲ್ಲಿ ಒಂದು ಜಾಗ, ಇಷ್ಟು ಕೊಡುವುದು ನಮ್ಮ ಕೈಯಲ್ಲಿದೆ. ಕಾಯಂ ಪ್ರಾಧ್ಯಾಪಕರು ‘ಗೆಸ್ಟ್ ಅಲ್ವಾ’ ಎಂದು ಹೇಳಿದ್ದನ್ನು ಕೇಳಿದ ವಿದ್ಯಾರ್ಥಿ ಆ ಉಪನ್ಯಾಸಕರ ತರಗತಿಯಲ್ಲಿ ಕಾಲು ಚಾಚಿ ಕೂತರೆ ಅದರ ಮೂಲ ಎಲ್ಲಿ ಎಂದು ಬೇರೆ ಹುಡುಕಬೇಕಾಗಿಲ್ಲ.

ಅಟೆಂಡರ್, ಗ್ರಂಥಾಲಯದ ಸಹಾಯಕರು, ಕ್ಯಾಂಟೀನಿನವರು, ಶೌಚಾಲಯ ತೊಳೆಯುವ ಅಕ್ಕ, ಇವರ ಹೆಸರು ಪ್ರಾಂಶುಪಾಲರಿಗೆ ಗೊತ್ತಿರಲಿ, ಮಕ್ಕಳ ಮುಂದೆ ಆ ಹೆಸರು ಹಿಡಿದು, ಬಹುವಚನದಲ್ಲಿ ಕರೆಯಲಿ.

7. ಮುಖಾಮುಖಿ ವಾದವನ್ನು ಅಗೌರವ ಎನ್ನಬೇಡಿ

ಮರ್ಯಾದೆಯ ಹೆಸರಿನಲ್ಲಿ ಬಾಯಿ ಮುಚ್ಚಿಸುವುದು ಸುಲಭ. ಶುಲ್ಕ ಯಾಕೆ ಏರಿತು ಎಂದು ಕೇಳಿದ ವಿದ್ಯಾರ್ಥಿ, ಪಾಠದಲ್ಲಿ ತಪ್ಪಾಗಿದೆ ಸರ್ ಎಂದವಳು, ಸೀನಿಯರ್ ಬಂದಾಗ ಎದ್ದು ನಿಲ್ಲದವನು, ಇವರಲ್ಲಿ ಯಾರೂ ಅಗೌರವ ತೋರಿಸಿಲ್ಲ. ಸೀನಿಯರಿಗೆ ಎದ್ದು ನಿಲ್ಲಬೇಕು ಎಂಬುದೇ ರ‍್ಯಾಗಿಂಗಿನ ಮೊದಲ ಮೆಟ್ಟಿಲು.

ನಮ್ಮ ಊರಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ತಾಳಮದ್ದಳೆಯಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಎದುರಾಳಿಯ ಒಂದೊಂದು ವಾಕ್ಯವನ್ನೂ ಬಿಡಿಸಿ ಅರ್ಥ ಹೇಳುತ್ತಿದ್ದುದನ್ನು ಕೇಳಲು ಜನ ರಾತ್ರಿಯಿಡೀ ಕೂರುತ್ತಿದ್ದರು. ಮಾತು ಹರಿತ, ಪಟ್ಟು ಬಿಗಿ. ಆದರೂ ಪೆಟ್ಟು ಬೀಳುವುದು ವಾದಕ್ಕೆ, ಎದುರು ಕೂತ ಮನುಷ್ಯನ ಮನೆತನಕ್ಕಲ್ಲ. ಕಾಲೇಜಿನಲ್ಲಿ ವರ್ಷಕ್ಕೆರಡು ತಾಳಮದ್ದಳೆ ಇಡಿ. ಚರ್ಚಾಸ್ಪರ್ಧೆಯಲ್ಲಿ ಎದುರಾಳಿಯ ವಾದವನ್ನು ಅವರು ಒಪ್ಪುವ ಹಾಗೆ ಮೊದಲು ಹೇಳಿ ಆಮೇಲೆ ಖಂಡಿಸಿದವರಿಗೆ ಹೆಚ್ಚು ಅಂಕ ಕೊಡಿ. ಈ ಒಂದು ಬದಲಾವಣೆ ಮಾಡಿ ನೋಡಿ, ಹುಡುಗರು ಕಿವಿ ಕೊಟ್ಟು ಕೇಳಲು ಶುರು ಮಾಡುತ್ತಾರೆ.

8. ಪಕ್ಕದವರನ್ನು ತಯಾರು ಮಾಡಿ

1968ರಲ್ಲಿ ಜಾನ್ ಡಾರ್ಲಿ, ಬಿಬ್ ಲಟಾನೆ ಎಂಬ ಮನಶ್ಶಾಸ್ತ್ರಜ್ಞರು ತೋರಿಸಿದ್ದು ಈಗ ಎಲ್ಲ ಪಠ್ಯಪುಸ್ತಕದಲ್ಲಿದೆ: ನೋಡುವವರು ಹೆಚ್ಚಿದಷ್ಟೂ ಒಬ್ಬೊಬ್ಬರಿಗೆ ‘ನಾನು ಏನಾದರೂ ಮಾಡಬೇಕು’ ಎಂಬ ಭಾವನೆ ಕಡಿಮೆಯಾಗುತ್ತದೆ. ಅರುವತ್ತು ಮಕ್ಕಳ ತರಗತಿಯಲ್ಲಿ ಆಗುವುದೂ ಇದೇ. ಆದ್ದರಿಂದ ‘ಎಲ್ಲರೂ ಎಚ್ಚರದಿಂದಿರಿ’ ಎಂಬ ಭಾಷಣ ಬೇಡ. ಒಬ್ಬೊಬ್ಬರಿಗೆ ಹೇಳಿಕೊಡಿ.

ಹೇಳಿಕೊಡಬೇಕಾದದ್ದು ಕಡಿಮೆ. ‘ಏ, ಸಾಕು ಮಾರಾಯ’ ಎಂದು ಗೆಳೆಯನೇ ಹೇಳಿದರೆ ಮುಗಿಯಿತು. ಪ್ರಾಂಶುಪಾಲರ ಸುತ್ತೋಲೆಗಿಂತ ಅದು ಬೇಗ ತಾಗುತ್ತದೆ. ಹೇಳುವ ಧೈರ್ಯವಿಲ್ಲದವರು ನಗದೆ ಇದ್ದರೂ ಆದೀತು, ನಗುವವರಿಲ್ಲದೆ ಅಣಕ ಬಾಳುವುದಿಲ್ಲ. ಅದೂ ಆಗದಿದ್ದರೆ ಆಮೇಲೆ ಹೋಗಿ ಅವಳ ಪಕ್ಕ ಕೂರಲಿ. ಎನ್ನೆಸ್ಸೆಸ್ಸಿನ ಏಳು ದಿನದ ವಾರ್ಷಿಕ ಶಿಬಿರ ಇದನ್ನು ಕಲಿಸಲು ಒಳ್ಳೆಯ ಜಾಗ. ಅಡುಗೆ, ಪಾತ್ರೆ ತೊಳೆಯುವ ಪಾಳಿಯನ್ನು ಗೆಳೆಯರ ಗುಂಪು ಒಡೆದು ಹಂಚಿ.

9. ಭಾಷೆಯ ಅಣಕಕ್ಕೆ ಸದರ ಕೊಡಬೇಡಿ

ಅರೆಭಾಷೆಯ ಧಾಟಿ, ಬ್ಯಾರಿ ಉಚ್ಚಾರ, ಬಯಲುಸೀಮೆಯ ‘ರೀ’, ಮಲಯಾಳದವರ ಕನ್ನಡ, ಇವನ್ನು ಹಿಡಿದು ಮಾಡುವ ಅನುಕರಣೆ ಕಾಲೇಜಿನ ವೇದಿಕೆಯಲ್ಲಿ ಚಪ್ಪಾಳೆ ಗಿಟ್ಟಿಸುತ್ತದೆ. ಪ್ರತಿಭಾ ದಿನದ ಪ್ರಹಸನಗಳನ್ನು ಮೊದಲೇ ಒಮ್ಮೆ ನೋಡಿ. ಯಾರ ಭಾಷೆಯನ್ನು ನಗೆಗೆ ಬಳಸಿದ್ದಾರೋ ಆ ಭಾಷೆಯ ವಿದ್ಯಾರ್ಥಿ ತಂಡದಲ್ಲಿ ಇದ್ದಾನೆಯೇ, ತಾನೇ ಬರೆದಿದ್ದಾನೆಯೇ ಕೇಳಿ. ಇಲ್ಲದಿದ್ದರೆ ಆ ಭಾಗ ತೆಗೆಸಿ. ಅರೆಭಾಷೆಗೆ 2011ರಿಂದ ರಾಜ್ಯದಲ್ಲಿ ಅಕಾಡೆಮಿಯೇ ಇದೆ. ತುಳು, ಬ್ಯಾರಿ, ಕೊಂಕಣಿಗೂ ಇವೆ. ಅವರನ್ನು ಕರೆಸಿ, ಒಂದು ದಿನ ಆ ಭಾಷೆಯಲ್ಲೇ ಕಥೆ, ಹಾಡು, ಅಡುಗೆ ಎಲ್ಲ ಆಗಲಿ.

10. ವಾಟ್ಸ್ಯಾಪ್ ಗುಂಪಿಗೆ ಒಬ್ಬ ಯಜಮಾನ ಇರಲಿ

ತರಗತಿಯಲ್ಲಿ ತೂಕಡಿಸಿದ ಗೆಳೆಯನ ಫೋಟೊ ರಾತ್ರಿಗೆ ಸ್ಟಿಕರ್ ಆಗುತ್ತದೆ. ಗುಂಪಿನಲ್ಲಿಯೇ ಬುದ್ಧಿ ಹೇಳಲು ಹೋಗಬೇಡಿ, ನೂರು ಉತ್ತರ ಬಂದು ವಿಷಯ ಬೆಳೆಯುತ್ತದೆ. ಅಡ್ಮಿನ್ ಆದ ತರಗತಿ ಪ್ರತಿನಿಧಿ ಅದನ್ನು ಅಳಿಸಲಿ, ಹಾಕಿದವನಿಗೆ ಫೋನು ಮಾಡಲಿ, ಫೋಟೊದಲ್ಲಿ ಇದ್ದವನಿಗೂ ಮಾಡಲಿ. ಕಿರಿಯರನ್ನು ಪೀಡಿಸಲು ಹಿರಿಯರು ಮಾಡುವ ಖಾಸಗಿ ಗುಂಪುಗಳ ಮೇಲೆ ಕಣ್ಣಿಡಲು ಯುಜಿಸಿ 2025ರಲ್ಲಿ ಕಾಲೇಜುಗಳಿಗೆ ಹೇಳಿದೆ. ಅಂಥದ್ದು ಕಂಡರೆ ಒಂದನೇ ಸೂತ್ರಕ್ಕೆ ಹಿಂತಿರುಗಿ.

11. ಬರೆದಿಡಿ, ಎರಡು ವಾರ ಬಿಟ್ಟು ನೋಡಿ

ನ್ಯಾಕ್ ತಂಡ ಬರುವಾಗ ತೋರಿಸಲೆಂದು ಮೆಂಟರ್ ಡೈರಿ ತುಂಬುವುದು ಎಲ್ಲ ಕಡೆ ಇದೆ. ಅದೇ ಡೈರಿಯನ್ನು ನಿಜವಾಗಿ ಬಳಸಿ. ದಿನಾಂಕ, ಹೇಳಿದ ಮಾತು ಹೇಳಿದ ಹಾಗೆಯೇ, ಯಾರು ಇದ್ದರು, ಏನು ಮಾತಾಯಿತು. ನಾಲ್ಕು ಸಾಲು. ‘ದುರಹಂಕಾರಿ’ ಎಂಬಂಥ ಅಭಿಪ್ರಾಯ ಬರೆಯಬೇಡಿ. ಮೂರನೇ ಸಲ ಅದೇ ಹೆಸರು, ಅದೇ ಗುರಿ ಬಂದರೆ ಆ ನಾಲ್ಕು ನಾಲ್ಕು ಸಾಲುಗಳೇ ಸಮಿತಿಯ ಮುಂದೆ ಮಾತಾಡುತ್ತವೆ. ಆಗ ಅದು ಸಣ್ಣ ವಿಷಯ ಅಲ್ಲ ಎಂದು ಯಾರನ್ನೂ ಒಪ್ಪಿಸಬೇಕಾಗಿಲ್ಲ. 2023ರ ಯುಜಿಸಿ ನಿಯಮದಂತೆ ಪ್ರತಿ ಕಾಲೇಜಿನಲ್ಲಿ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿ ಇರಬೇಕು, ದೂರು ಬಂದ 15 ಕೆಲಸದ ದಿನಗಳಲ್ಲಿ ಅದು ವರದಿ ಕೊಡಬೇಕು. ಭೇದಭಾವದ ದೂರು, ಕಾಲೇಜಿನ ಕಡೆಯಿಂದಲೇ ಆದ ಅನ್ಯಾಯ ಅಲ್ಲಿಗೆ ಹೋಗಬಹುದು. ಈ ದಾರಿ ಇದೆ ಎಂಬುದು ಮಕ್ಕಳಿಗೆ ಪ್ರವೇಶದ ದಿನವೇ ಗೊತ್ತಾಗಲಿ.

ಎರಡು ವಾರ ಕಳೆದ ಮೇಲೆ ಅವಳನ್ನು ಕಾರಿಡಾರಿನಲ್ಲಿ ಸುಮ್ಮನೆ ಮಾತಾಡಿಸಿ: ‘ಈಗ ಹೇಗೆ?’ ಅವನನ್ನೂ ಮಾತಾಡಿಸಿ, ಬೇರೆ ಯಾವುದಾದರೂ ವಿಷಯಕ್ಕೆ, ಕ್ರಿಕೆಟ್ ಆದೀತು, ಮನೆಯ ತೋಟ ಆದೀತು. ಒಂದು ತಪ್ಪಿಗೆ ಮೂರು ವರ್ಷ ಹಣೆಪಟ್ಟಿ ಹಚ್ಚಿಲ್ಲ ಎಂದು ಅವನಿಗೆ ಗೊತ್ತಾಗಬೇಕು. ಇನ್ನು ಅವಳ ಸೆಮಿನಾರ್ ಅರ್ಧಕ್ಕೆ ನಿಂತಿದೆಯಲ್ಲ, ಉಳಿದ ಎರಡು ಸ್ಲೈಡ್‌ಗಳಿಗೆ ಮುಂದಿನ ವಾರದ ಒಂದು ಪೀರಿಯಡ್‌ನಲ್ಲಿ ಹತ್ತು ನಿಮಿಷ ತೆಗೆದಿಡಿ. ಮೊದಲ ಪ್ರಶ್ನೆ ನೀವೇ ಕೇಳಿ, ಅವಳಿಗೆ ಚೆನ್ನಾಗಿ ಗೊತ್ತಿರುವ ಪ್ರಶ್ನೆಯನ್ನೇ.